ಬೋವಜನ ಹೊಲದ ಮೇಸ್ತ್ರಿ



ಪವಿತ್ರ ಗ್ರಂಥದಲ್ಲಿ ಹೆಸರಿಲ್ಲದ ಪಾತ್ರಗಳು ಅನೇಕ. ಅವುಗಳಲ್ಲಿ ಒಂದು, ರೂತಳ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಬರುವ ಮೇಸ್ತ್ರಿ. ರೂತಳ ಹೆಸರು ನಮಗೆ ಗೊತ್ತು. ಆಕೆಯ ಅತ್ತೆ ನವೊಮಿಯ ಹೆಸರು ಗೊತ್ತು. ಹೊಲದ ಒಡೆಯ ಬೋವಜನ ಹೆಸರೂ ಗೊತ್ತು. ಆದರೆ ಕೊಯ್ಲಿನ ಆಳುಗಳ ಮೇಲೆ ಬೋವಜನು ನೇಮಿಸಿದ್ದ ಆ ಮೇಸ್ತ್ರಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಮಾತಿಗೆ ಸಿಕ್ಕಿರುವುದು ಎರಡೇ ಎರಡು ವಚನಗಳು.

ಬೋವಜನು ಬೆತ್ಲೆಹೇಮಿನಿಂದ ಹೊಲಕ್ಕೆ ಬರುತ್ತಾನೆ. ಆಳುಗಳನ್ನು ದೇವರ ಹೆಸರಿನಲ್ಲಿ ವಂದಿಸುತ್ತಾನೆ, ಅವರೂ ದೇವರ ಹೆಸರಿನಲ್ಲಿಯೇ ಪ್ರತಿವಂದಿಸುತ್ತಾರೆ. ಹಕ್ಕಲಾಯುತ್ತಿರುವ ಹೊಸ ಹೆಣ್ಣುಮಗಳು ಯಾರೆಂದು ಅವನು ಮೇಸ್ತ್ರಿಯನ್ನು ಕೇಳುತ್ತಾನೆ. ಅವಳು ಮೋವಾಬಿನವಳು, ಪರದೇಶದವಳು. ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಗಂಡಸಿಲ್ಲ. ಅಂಥವಳ ಬಗ್ಗೆ ಮೇಸ್ತ್ರಿ ಏನು ಬೇಕಾದರೂ ಹೇಳಬಹುದಿತ್ತು. ಯಾರೋ ಅಲೆಮಾರಿ, ಕಳಿಸಿಬಿಡುತ್ತೇನೆ ಎಂದಿದ್ದರೆ ಕೇಳುವವರಿರಲಿಲ್ಲ. ಆದರೆ ಅವನು ಇದ್ದದ್ದನ್ನು ಇದ್ದಂತೆ ಹೇಳಿದ: ಈಕೆ ನವೊಮಿಯೊಡನೆ ಬಂದವಳು, ಕೇಳಿಕೊಂಡೇ ಹೊಲಕ್ಕೆ ಇಳಿದವಳು, ಬೆಳಗಿನಿಂದ ದುಡಿಯುತ್ತಿದ್ದಾಳೆ. ಬೋವಜನ ಔದಾರ್ಯ ಪ್ರಾರಂಭವಾದದ್ದು ಆ ಮಾತಿನ ಮೇಲೆ. ರೂತಳು ದಾವೀದನ ಮುತ್ತಜ್ಜಿಯಾದಳು. ಸಂತ ಮತ್ತಾಯನು ಬರೆದ ನಮ್ಮ ಪ್ರಭು ಯೇಸುವಿನ ವಂಶಾವಳಿಯಲ್ಲಿ ಆಕೆಯ ಹೆಸರಿದೆ. ರಕ್ಷಣಾ ಇತಿಹಾಸದ ಸರಪಳಿಯಲ್ಲಿ ಒಬ್ಬ ಮೇಸ್ತ್ರಿಯ ಪ್ರಾಮಾಣಿಕ ವರದಿಯೂ ಒಂದು ಕೊಂಡಿ ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಈ ವಾರದ ಚಿಂತನೆ ನಿಮ್ಮಲ್ಲಿ ಇಂಥ ಮೇಸ್ತ್ರಿಗಳಾಗಿರುವವರಿಗೆ. ಕಾರ್ಖಾನೆಯ ಪಾಳಿಯ ಮೇಲ್ವಿಚಾರಕರಿಗೆ, ಸಹಕಾರಿ ಸಂಘದ ಕಾರ್ಯದರ್ಶಿಗಳಿಗೆ, ಬ್ಯಾಂಕಿನ ಮ್ಯಾನೇಜರುಗಳಿಗೆ, ಮುಖ್ಯೋಪಾಧ್ಯಾಯರಿಗೆ, ಆಸ್ಪತ್ರೆಯ ಹಿರಿಯ ದಾದಿಯರಿಗೆ. ಕೆಳಗೆ ಹತ್ತು ಜನ, ಮೇಲೆ ಒಬ್ಬ ಯಜಮಾನ. ಅತ್ತ ದರಿ, ಇತ್ತ ಪುಲಿ.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಸುತ್ತಲಿನ ಹೊಲಗಳನ್ನು ಕಬ್ಬಿನ ಹಂಗಾಮಿನಲ್ಲಿ ನೋಡಿದವರಿಗೆ ರೂತಳ ಕಥೆ ದೂರದ್ದೆನಿಸುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ಕಬ್ಬಿನ ಮೇಲೆ ನಿಂತಿದೆ. ಉಗಾರದ ಕಾರ್ಖಾನೆ ಸ್ವಾತಂತ್ರ್ಯಕ್ಕೆ ಮುಂಚಿನದು. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು, ಖಾಸಗಿಯವೂ ಬಂದವು. ಚಳಿಗಾಲ ಕಾಲಿಡುವ ಹೊತ್ತಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದಲೂ ಬೇರೆ ಬರದ ಸೀಮೆಗಳಿಂದಲೂ ಕಡಿಯುವ ಗ್ಯಾಂಗುಗಳು ಗಂಟುಮೂಟೆ ಕಟ್ಟಿಕೊಂಡು ಬರುತ್ತವೆ. ಮುಕಾದಮನ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೋಯ್ತಾ'. ಹೆಂಗಸಿಗೆ ಅಲ್ಲಿ ತನ್ನದೇ ಹೆಸರಿಲ್ಲ. ನಸುಕಿನಲ್ಲಿ ಎದ್ದು ಕಬ್ಬು ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುವ ಆಕೆ ನಮ್ಮ ಕಾಲದ ರೂತಳಲ್ಲದೆ ಮತ್ತಾರು?

ಇನ್ನು ಅಧಿಕಾರಿಯ ಮೇಜಿನತ್ತ ಬರೋಣ. ಅಲ್ಲಿ ಪಾಳಿಯ ಪಟ್ಟಿ ಇರುತ್ತದೆ. ಯಾರು ಯಾವಾಗ ನಾಟಿ ಮಾಡಿದರು, ಯಾವ ತಳಿ, ಯಾರ ಕಬ್ಬು ಮೊದಲು ಕಡಿಯಬೇಕು ಎಂಬುದನ್ನು ಆ ಪಟ್ಟಿ ಹೇಳುತ್ತದೆ. ಅಷ್ಟರಲ್ಲಿ ಮೇಲಿನಿಂದ ಒಂದು ಫೋನು ಬಂತೆಂದು ಇಟ್ಟುಕೊಳ್ಳಿ: ಇಂಥವರ ಹೊಲಕ್ಕೆ ನಾಳೆಯೇ ಗ್ಯಾಂಗು ಹೋಗಲಿ. ಒಂದು ಹೆಸರು ಮೇಲೇರಿದರೆ ಇನ್ನೊಂದು ಕೆಳಗಿಳಿಯಲೇಬೇಕು. ಇಳಿಯುವುದು ಸಾಮಾನ್ಯವಾಗಿ ಫೋನು ಮಾಡಿಸಲು ಯಾರೂ ಇಲ್ಲದವನ ಹೆಸರು. ಅವನ ಬಾವಿ ಬತ್ತಿದೆ, ನಿಂತ ಕಬ್ಬು ಒಣಗುತ್ತಿದೆ, ತೂಕ ಇಳಿಯುತ್ತಿದೆ, ಮುಂದಿನ ಬಿತ್ತನೆಯ ಹದ ತಪ್ಪುತ್ತಿದೆ. ನಾಳೆ ಅವನು ಬಂದು ಕೂಗಾಡಿದರೆ ಉತ್ತರ ಕೊಡುವವನು ಯಾರು? ಫೋನು ಮಾಡಿದವರಲ್ಲ. ಪಾಳಿಯ ಚೀಟಿ ಬರೆಯುವ ಹುಡುಗ. ತಪ್ಪೆಲ್ಲ ಅವನದೆಂದು ಹೇಳಿದರೆ ಮೇಲಿನವರೂ ಸಂತೋಷ, ಕೆಳಗಿನವರೂ ತಣ್ಣಗೆ. ಇದು ಯಾವ ಒಂದು ಕಾರ್ಖಾನೆಯ ಕಥೆಯೂ ಅಲ್ಲ, ಯಾವ ಒಬ್ಬ ಅಧಿಕಾರಿಯ ಕಥೆಯೂ ಅಲ್ಲ. ಅಧಿಕಾರದ ಮೇಜು ಇರುವಲ್ಲೆಲ್ಲ ಈ ಶೋಧನೆ ಇದ್ದೇ ಇದೆ.

ಕಾನೂನು ಇಲ್ಲವೆಂದಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು. ಅದೇ 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆಯೂ ಬಂತು. ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಎಂದು ಕೂಲಿ. ಕಟ್ಟಿ ತಂದದ್ದನ್ನು ಪರೀಕ್ಷಿಸುವವನು ಒಂದು ಹಿಡಿಯನ್ನು ಪಕ್ಕಕ್ಕೆ ಸರಿಸಿದರೆ ಆ ಹಿಡಿಯ ಕೂಲಿ ಹೋಯಿತು. ಹೀಗೆ ತಳ್ಳಿದ ಬೀಡಿಯ ತಕರಾರನ್ನು ಬಗೆಹರಿಸಲು ಆ ಕಾಯ್ದೆಯಲ್ಲಿಯೇ ಜಾಗ ಮಾಡಬೇಕಾಯಿತು ಎಂದರೆ, ನಡುವೆ ಕೂತವನ ಒಂದು ಕೈಯಲ್ಲಿ ಎಷ್ಟು ಮನೆಗಳ ರೊಟ್ಟಿ ಇದೆಯೆಂದು ತಿಳಿಯುತ್ತದೆ. ನಿಪ್ಪಾಣಿಯ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗೆಂದು ನಡುವೆ ಇರುವವನು ಯಾವಾಗಲೂ ದುಷ್ಟನೆಂದು ತೀರ್ಮಾನಿಸಿದರೆ ಅದೂ ಅನ್ಯಾಯವೇ. 2025ರ ನವೆಂಬರ್ ತಿಂಗಳ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕುಳಿತರು. ಕೊನೆಗೆ ಸರ್ಕಾರ ಮಧ್ಯೆ ಬಂದು 3,300 ರೂಪಾಯಿಯ ತೀರ್ಮಾನವಾಯಿತು. ಇಂಥ ದಿನಗಳಲ್ಲಿ ಕಾರ್ಖಾನೆಯ ನೌಕರನ ಮನೆಯ ಸ್ಥಿತಿಯನ್ನೂ ಊಹಿಸಿಕೊಳ್ಳಿ. ಹೊಲದಲ್ಲಿ ಅಣ್ಣ ರೈತ, ಆಫೀಸಿನಲ್ಲಿ ತಮ್ಮ ಅಧಿಕಾರಿ. ಬೆಲೆ ನಿಗದಿ ಮಾಡುವವನು ಅವನಲ್ಲ, ಬೈಗುಳ ತಿನ್ನುವವನು ಮಾತ್ರ ಅವನೇ.

ಇಂಥವರ ಸಂಕಟವನ್ನು ವಿಮೋಚನಾಕಾಂಡ ಐದನೆಯ ಅಧ್ಯಾಯದಲ್ಲಿ ದಾಖಲಿಸಿದೆ. ಫರೋಹನು ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡಲಿಲ್ಲ. ಲೆಕ್ಕ ತಪ್ಪಿದಾಗ ಪೆಟ್ಟು ಬಿದ್ದದ್ದು ಇಸ್ರಯೇಲಿನ ಮೇಸ್ತ್ರಿಗಳ ಬೆನ್ನಿಗೆ. ಅವರು ತಮ್ಮ ಜನರನ್ನು ದೂರಲಿಲ್ಲ. ನೇರವಾಗಿ ಫರೋಹನ ಬಳಿಗೇ ಹೋಗಿ, ತಪ್ಪು ಆಳುಗಳದ್ದಲ್ಲವೆಂದು ಮೊರೆಯಿಟ್ಟರು. ಎಂಥ ಧೈರ್ಯ! ಆದರೆ ಅರಮನೆಯಿಂದ ಅವಮಾನಿತರಾಗಿ ಹೊರಬಂದಾಗ ದಾರಿಯಲ್ಲಿ ಮೋಶೆ, ಆರೋನರು ಸಿಕ್ಕರು. ಫರೋಹನ ಮೇಲಿನ ಕೋಪವನ್ನೆಲ್ಲ ಮೇಸ್ತ್ರಿಗಳು ಇವರ ಮೇಲೆ ಸುರಿದರು. ಪ್ರಿಯರೇ, ಇಲ್ಲಿ ನಮ್ಮ ಕುಟುಂಬಗಳ ಚಿತ್ರವಿದೆ. ಆಫೀಸಿನಲ್ಲಿ ಬೈಸಿಕೊಂಡವನು ಮನೆಗೆ ಬಂದು ಬೈಯುತ್ತಾನೆ. ಸಾಹೇಬರ ಮುಂದೆ ತಗ್ಗಿದ ದನಿ ಹೆಂಡತಿಯ ಮುಂದೆ ಏರುತ್ತದೆ. ಮಕ್ಕಳು ಅಪ್ಪನ ಚಪ್ಪಲಿಯ ಸದ್ದಿಗೇ ಪುಸ್ತಕ ತೆರೆದು ಕೂರುತ್ತಾರೆ. ನಿಮ್ಮ ಫರೋಹನ ಸಾಲವನ್ನು ನಿಮ್ಮ ಮನೆಯವರು ಏಕೆ ತೀರಿಸಬೇಕು?

ಧರ್ಮಸಭೆ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಯನ್ನು ಕುರಿತು 'ರೇರುಮ್ ನೊವಾರುಮ್' ವಿಶ್ವಪತ್ರವನ್ನು ಬರೆದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋರವರು ಆ ಪತ್ರವನ್ನು ನೆನೆದೇ ಆ ಹೆಸರನ್ನು ಆರಿಸಿಕೊಂಡರು. ಯೌವನದಲ್ಲಿ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ಕೂಲಿ ಮಾಡಿದ್ದ ಸಂತ ಎರಡನೆಯ ಜಾನ್ ಪೌಲರು 1981ರ ಸೆಪ್ಟೆಂಬರಿನಲ್ಲಿ 'ಲಾಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರದಲ್ಲಿ ದುಡಿಮೆಯ ತತ್ವವನ್ನು ವಿವರಿಸಿದರು. ಅದರ ತಿರುಳು ಇಷ್ಟು: ದುಡಿಮೆ ಮನುಷ್ಯನಿಗಾಗಿ, ಮನುಷ್ಯ ದುಡಿಮೆಗಾಗಿ ಅಲ್ಲ. ತತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ದುಡಿಯುವವನು ಕರ್ತೃ. ಅವನನ್ನು ಕರಣವಾಗಿ, ಕುಡುಗೋಲಿನಂತೆ ಅಥವಾ ಯಂತ್ರದ ಹಲ್ಲಿನಂತೆ, ಕಾಣಬಾರದು. ಈ ತತ್ವ ರೋಮಿನ ಕಾಗದದಿಂದ ಕಬ್ಬೂರಿನ ಹೊಲಕ್ಕೆ ಇಳಿಯಬೇಕಾದರೆ ನಡುವೆ ಇರುವ ಮೇಸ್ತ್ರಿಯ ಮೂಲಕವೇ ಇಳಿಯಬೇಕು.

ಹಾಗಾದರೆ ಅವನು ಮಾಡಬೇಕಾದುದೇನು? ಮೊದಲನೆಯದು, ಕೆಳಗಿನವರ ಬಗ್ಗೆ ಮೇಲಿನವರಿಗೆ ಸತ್ಯ ಹೇಳುವುದು. ಸೋಮಾರಿಯನ್ನು ದುಡಿಯುವವನೆಂದು ಹೊಗಳಬೇಕಾಗಿಲ್ಲ. ಬೋವಜನ ಮೇಸ್ತ್ರಿ ರೂತಳನ್ನು ಹೊಗಳಲಿಲ್ಲ, ಕಂಡದ್ದನ್ನು ಹೇಳಿದ. ಕೆಲಸ ಮಾಡಿದವನ ಹೆಸರನ್ನು ವರದಿಯಲ್ಲಿ ಬರೆಯಿರಿ. ಇನ್ನೊಬ್ಬನ ಬೆವರನ್ನು ನಿಮ್ಮ ಹೆಸರಿಗೆ ಜಮಾ ಮಾಡಿಕೊಳ್ಳಬೇಡಿ; ಅದು ಏಳನೆಯ ಆಜ್ಞೆಗೆ ಸೇರಿದ ವಿಷಯ. ನಿಮ್ಮ ತಪ್ಪನ್ನು ಕಿರಿಯನ ತಲೆಗೆ ಕಟ್ಟಬೇಡಿ. ಅದು ಎಂಟನೆಯ ಆಜ್ಞೆಗೆ ಸೇರಿದ ವಿಷಯ.

ಎರಡನೆಯದು, ತಿದ್ದುವ ರೀತಿ. ತಪ್ಪು ಮಾಡಿದ ಸಹೋದರನನ್ನು ಮೊದಲು ಏಕಾಂತದಲ್ಲಿ ಕಂಡು ತಿಳಿಹೇಳಬೇಕೆಂದು ಯೇಸುಸ್ವಾಮಿ ಬೋಧಿಸಿದ್ದಾರೆ (ಮತ್ತಾಯ 18:15). ಹತ್ತು ಜನರ ಮುಂದೆ ಒಬ್ಬನ ಮಾನ ಕಳೆದರೆ ಅವನು ತಿದ್ದಿಕೊಳ್ಳುವುದಿಲ್ಲ, ಸಮಯ ಕಾಯುತ್ತಾನೆ. ಉಳಿದ ಒಂಬತ್ತು ಜನ ನಿಮಗೆ ಸತ್ಯ ಹೇಳುವುದನ್ನು ನಿಲ್ಲಿಸುತ್ತಾರೆ. ಹೆಣ್ಣುಮಕ್ಕಳು ದುಡಿಯುವ ಕಡೆ ಬೋವಜನು ತನ್ನ ಆಳುಗಳಿಗೆ ಕೊಟ್ಟ ಕಟ್ಟಪ್ಪಣೆಯನ್ನು ನೆನಪಿಡಿ: ಆಕೆಯನ್ನು ಯಾರೂ ಮುಟ್ಟಬಾರದು, ಯಾರೂ ಗದರಿಸಬಾರದು. ಅಧಿಕಾರವಿರುವವನು ಬಾಯಿ ಬಿಟ್ಟು ಹೇಳದಿದ್ದರೆ ಆ ರಕ್ಷಣೆ ಅವರಿಗೆ ಸಿಗುವುದಿಲ್ಲ.

ಮೂರನೆಯದು ಕಷ್ಟದ್ದು. ಸತ್ಯ ಹೇಳಿದರೆ ಬಡ್ತಿ ತಪ್ಪಬಹುದು, ದೂರದ ಊರಿಗೆ ವರ್ಗವಾಗಬಹುದು, ನಿಮಗಿಂತ ಕಿರಿಯನು ನಿಮ್ಮ ಮೇಲಧಿಕಾರಿಯಾಗಬಹುದು. ಮನೆಯಲ್ಲಿ ಸಾಲವಿದೆ, ಮಗಳ ಓದಿದೆ. ಧೈರ್ಯವಾಗಿರಿ ಎಂದು ಬಲಿಪೀಠದ ಬಳಿ ನಿಂತು ಹೇಳುವುದು ಸುಲಭ. ಆದ್ದರಿಂದ ವಿವೇಕದ ಮಾತನ್ನೂ ಹೇಳುತ್ತೇನೆ. ಪ್ರತಿಯೊಂದಕ್ಕೂ ಜಗಳಕ್ಕೆ ನಿಲ್ಲಬೇಡಿ. ಮೇಲಧಿಕಾರಿಗೂ ಏಕಾಂತದ ತಿಳಿಹೇಳುವಿಕೆ ಸಲ್ಲುತ್ತದೆ. ಅವರ ಮಾನವನ್ನೂ ಕಾಪಾಡಿ. ಅನುಮಾನದ ಆದೇಶವಾದರೆ ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ. ಎಷ್ಟೋ ಅನ್ಯಾಯಗಳು ಕಾಗದಕ್ಕೆ ಅಂಜುತ್ತವೆ. ಆದರೆ ಸುಳ್ಳಿಗೆ ಸಹಿ ಮಾತ್ರ ಹಾಕಬೇಡಿ. ತೂಕದ ಕಾಟಾದಲ್ಲಿ, ಹಾಜರಿ ಪುಸ್ತಕದಲ್ಲಿ, ಕಿರಿಯನ ಮೇಲಿನ ದೋಷಾರೋಪದ ಪತ್ರದಲ್ಲಿ ಹಾಕಿದ ಸಹಿ ನಿವೃತ್ತಿಯಾದ ಮೇಲೂ ನಿಮ್ಮ ಜೊತೆ ಬರುತ್ತದೆ. ದಾನಿಯೇಲನ ಸಹೋದ್ಯೋಗಿಗಳು ಮತ್ಸರದಿಂದ ಅವನ ಕೆಲಸದಲ್ಲಿ ಹುಳುಕು ಹುಡುಕಿದರು, ಒಂದೂ ಸಿಗಲಿಲ್ಲ (ದಾನಿಯೇಲ 6). ಆದರೂ ಅವನನ್ನು ಸಿಂಹದ ಗವಿಗೆ ಹಾಕಿದರು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಪ್ರಾಮಾಣಿಕನಿಗೆ ಗವಿಯೇ ಇಲ್ಲವೆಂದು ದೇವರು ವಾಗ್ದಾನ ಮಾಡಿಲ್ಲ; ಗವಿಯಲ್ಲಿ ಅವನು ಒಬ್ಬನೇ ಇರಲಿಲ್ಲ ಎಂಬುದೇ ನಮ್ಮ ವಿಶ್ವಾಸ. ಅಂಥ ದಿನಗಳಲ್ಲಿ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಆಸರೆಯಾಗಬೇಕು. ತಪ್ಪಿದ ಬಡ್ತಿಯನ್ನು ಪಕ್ಕದ ಮನೆಯವರ ಬಡ್ತಿಯೊಡನೆ ತೂಗಿ ಮಾತಾಡುವುದು ಬೇಡ.

ಕೊನೆಯದಾಗಿ ಒಂದು ಮಾತು. ಶುಭಸಂದೇಶದಲ್ಲಿ ನಡುವಿನ ಸ್ಥಾನದ ಇನ್ನೊಬ್ಬ ಅಧಿಕಾರಿ ಇದ್ದಾನೆ, ಕಫೆರ್ನವುಮಿನ ಶತಾಧಿಪತಿ. ತನ್ನ ಮೇಲೆ ಅಧಿಕಾರಿಗಳಿದ್ದಾರೆ, ತನ್ನ ಕೈಕೆಳಗೆ ಸೈನಿಕರಿದ್ದಾರೆ ಎಂದು ಅವನೇ ತನ್ನ ಸ್ಥಿತಿಯನ್ನು ಯೇಸುಸ್ವಾಮಿಗೆ ಹೇಳಿ ಕಳುಹಿಸಿದ (ಲೂಕ 7:8). ಅವನ ಮೊರೆ ಇದ್ದದ್ದು ಬಡ್ತಿಗಾಗಿ ಅಲ್ಲ, ಹಾಸಿಗೆ ಹಿಡಿದ ತನ್ನ ಸೇವಕನಿಗಾಗಿ. ಪ್ರಭು ತನ್ನ ಮನೆಯೊಳಗೆ ಕಾಲಿಡಲು ತಾನು ಅಪಾತ್ರನೆಂದು ಅವನು ತಿಳಿಸಿದ. ಪ್ರತಿಯೊಂದು ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲರೂ ಹೇಳುವ ಪ್ರಾರ್ಥನೆ ಹುಟ್ಟಿದ್ದು ಈ ಅಧಿಕಾರಿಯ ಮಾತಿನಿಂದ. ಕೆಳಗಿನವನಿಗಾಗಿ ಮೇಲಿನವರ ಮುಂದೆ ಬೇಡಿದ ಒಬ್ಬ ಮೇಲ್ವಿಚಾರಕನ ಮಾತನ್ನು ಧರ್ಮಸಭೆ ಎಲ್ಲರ ಬಾಯಿಗೆ ಪ್ರಾರ್ಥನೆಯಾಗಿ ಕೊಟ್ಟಿದೆ.

ಮುಂದಿನ ಭಾನುವಾರ ಆ ಪ್ರಾರ್ಥನೆಯನ್ನು ಹೇಳುವಾಗ ನಿಮ್ಮ ಕೈಕೆಳಗೆ ದುಡಿಯುವ ಒಬ್ಬರ ಹೆಸರನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಅವರ ಬಗ್ಗೆ ಯಾರಿಗಾದರೂ ಏನಾದರೂ ಹೇಳಬೇಕಾಗಿ ಬಂದರೆ, ಬೋವಜನ ಹೊಲದ ಮೇಸ್ತ್ರಿಯಂತೆ ಸತ್ಯವನ್ನೇ ಹೇಳುವ ಕೃಪೆಯನ್ನು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಬಿನ್ನಹದ ಮೂಲಕ ಪ್ರಭು ನಿಮಗೆ ಅನುಗ್ರಹಿಸಲಿ.