ಯಾವ ಪ್ರಮಾಣದ ಮೇಲೆ ‘ಯೆಸ್’?

ಊರಲ್ಲಿ ಕೂತು ವಿಶ್ವವಿದ್ಯಾಲಯದ ಸರ್ವರಿಗೆ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಮಿನ ಮೂಲಕ ಮೊದಲ ಸಲ ಹೋಗುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಈ ಯಂತ್ರ ನೀವಂದುಕೊಂಡದ್ದೇ ಎಂದು ಖಚಿತವಿಲ್ಲ, ಆದರೂ ಮುಂದುವರಿಯುವಿರಾ? ಜೊತೆಗೆ ಅರ್ಥವಾಗದ ಅಕ್ಷರಗಳ ಉದ್ದ ಸಾಲು, ಆ ಯಂತ್ರದ ಕೀಲಿಯ ಬೆರಳಚ್ಚು. ಹೆಚ್ಚಿನವರು ಓದುವುದಿಲ್ಲ. ‘ಯೆಸ್’ ಎಂದು ಒತ್ತಿ ಕೆಲಸಕ್ಕಿಳಿಯುತ್ತಾರೆ.

ಉಡುಪಿಯಲ್ಲಿ ನ್ಯಾಯ, ವೇದಾಂತ ಪಾಠ ಹೇಳಿ ನಿವೃತ್ತರಾದ ನನ್ನ ಸೋದರಮಾವನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. “ಯಾವ ಪ್ರಮಾಣದ ಮೇಲೆ ಯೆಸ್ ಅಂದೆ?” ಎಂದರು. ಬೆರಳಚ್ಚನ್ನು ಕಂಪ್ಯೂಟರ್ ಕೇಂದ್ರದ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ ಮಾವ, ತಾಳೆ ನೋಡಬಹುದು ಎಂದೆ. ಆ ವೆಬ್‌ಸೈಟು ಅಸಲಿ ಎನ್ನುವವರು ಯಾರು? ಪ್ರಮಾಣಪತ್ರ ಕೊಡುವ ಸಂಸ್ಥೆ. ಆ ಸಂಸ್ಥೆಯನ್ನು ನಂಬಿದ್ದು ಯಾಕೆ? ಬ್ರೌಸರಿನ ಪಟ್ಟಿಯಲ್ಲಿ ಅದರ ಹೆಸರಿದೆ. ಬ್ರೌಸರು ಬಂದದ್ದು? ಇನ್ನೊಂದು ವೆಬ್‌ಸೈಟಿನಿಂದ. ಮಾವ ತೊಡೆ ತಟ್ಟಿ ನಕ್ಕರು. ಮೀಮಾಂಸಕರು ನೈಯಾಯಿಕರ ಮೇಲೆ ಹೊರಿಸಿದ ಅನವಸ್ಥೆ, ಅಂದರೆ ಎಲ್ಲೂ ನಿಲ್ಲದ ಆಧಾರಗಳ ಸರಪಳಿ, ಇದೇ ಅಂತೆ.

ಜ್ಞಾನ ಸರಿಯೆಂದು ತಿಳಿಯಲು ಇನ್ನೊಂದು ಆಧಾರ ಬೇಕೆನ್ನುವುದು ನ್ಯಾಯದ ಪರತಃಪ್ರಾಮಾಣ್ಯ. ಮೀಮಾಂಸಕ ಕುಮಾರಿಲಭಟ್ಟ ಒಪ್ಪಲಿಲ್ಲ: ಸುಳ್ಳೆಂದು ತೋರಿಸುವ ಬಾಧಕ ಬರುವವರೆಗೆ ಜ್ಞಾನ ತನ್ನಷ್ಟಕ್ಕೇ ಪ್ರಮಾಣ. ಇದು ಸ್ವತಃಪ್ರಾಮಾಣ್ಯ. ಎಸ್‌ಎಸ್‌ಎಚ್ ನಡೆಯುವ ರೀತಿ ಬಹುಮಟ್ಟಿಗೆ ಕುಮಾರಿಲನದ್ದೇ. ಮೊದಲ ಸಲ ಒಪ್ಪಿದ ಕೀಲಿಯನ್ನು ಅದು ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ಮರುಸಲ, ಶಾಸ್ತ್ರದ ಉದಾಹರಣೆಯಲ್ಲಿ ಹಿಂದೆ ಕಂಡವನನ್ನು ‘ಅವನೇ ಈ ದೇವದತ್ತ’ ಎನ್ನುವಂತೆ, ಗುರುತಿಸಿ ಸುಮ್ಮನೆ ಒಳಗೆ ಬಿಡುತ್ತದೆ.

ಎಸ್‌ಎಸ್‌ಎಚ್ ಅನ್ನು 1995ರಲ್ಲಿ ರೂಪಿಸಿದವರು ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಯುಲೋನೆನ್. ಅಲ್ಲಿನ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡುಗಳನ್ನು ದೋಚಿದ್ದರು. ದೂರದ ಯಂತ್ರಕ್ಕೆ ಹೋಗಲು ಆಗ ಬಳಸುತ್ತಿದ್ದ ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡು ಮರೆಯಿಲ್ಲದ ಅಕ್ಷರಗಳಲ್ಲೇ ಹರಿಯುತ್ತಿತ್ತು. ಗೂಢಲಿಪಿ ಆ ಕದ್ದಾಲಿಕೆಯನ್ನು ತಡೆಯಿತು. ಅಪರಿಚಿತರಿಬ್ಬರು ಬಹಿರಂಗವಾಗಿಯೇ ಮಾತಾಡಿಕೊಂಡು ಒಂದು ಗುಟ್ಟು ಕಟ್ಟಬಹುದೆಂದು ಡಿಫಿ ಮತ್ತು ಹೆಲ್ಮನ್ 1976ರಲ್ಲೇ ತೋರಿಸಿದ್ದರು. ಆದರೆ ಆ ಇನ್ನೊಬ್ಬ ಯಾರೆಂದು ಗಣಿತ ಹೇಳುವುದಿಲ್ಲ. ಕಳ್ಳನ ಜೊತೆಗೂ ಗುಟ್ಟಾಗಿ ಮಾತಾಡಬಹುದಲ್ಲ!

ಹಾಗಾಗಿ ಮೊದಲ ಯೆಸ್ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಎಲ್ಲೋ ಒಂದು ಕಡೆ ಶುರು ಮಾಡಲೇಬೇಕು. ತಕರಾರಿರುವುದು ಮುಂದಿನದ್ದರ ಬಗ್ಗೆ. ಒಂದು ದಿನ ಕೀಲಿ ಬದಲಾಗಿದ್ದರೆ ಪರದೆ ತುಂಬ ದೊಡ್ಡಕ್ಷರದ ಎಚ್ಚರಿಕೆ ಬರುತ್ತದೆ: ಯಾರೋ ಕಿತಾಪತಿ ಮಾಡುತ್ತಿರಬಹುದು, ಅಥವಾ ಅಲ್ಲಿಯವರೇ ಕೀಲಿ ಬದಲಿಸಿರಬಹುದು. ಕುಮಾರಿಲ ಹೇಳಿದ ಬಾಧಕ ಇದೇ. ನಮ್ಮ ಲ್ಯಾಬಿನ ಹುಡುಗರು ಮಾಡುವುದೇನು? ಕಡತದಿಂದ ಹಳೆಯ ಸಾಲು ಅಳಿಸಿ ಮತ್ತೆ ಯೆಸ್. ಬಾಧಕ ಬಂದಾಗಲೂ ನಿಲ್ಲದವನಿಗೆ ಸ್ವತಃಪ್ರಾಮಾಣ್ಯದ ಹೆಸರೆತ್ತುವ ಹಕ್ಕಿಲ್ಲ. ಅದು ಬರೀ ಸೋಮಾರಿತನ.

ಅತ್ತ ವಿಶ್ವವಿದ್ಯಾಲಯ ನಮ್ಮ ವಿಷಯದಲ್ಲಿ ಅಪ್ಪಟ ನೈಯಾಯಿಕ. ಪಾಸ್‌ವರ್ಡು ಸಾಲದು, ಮೊಬೈಲಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯೂ ಬೇಕು. ನಿನ್ನೆಯ ನಾನು ಇಂದಿಗೆ ಸಾಕ್ಷಿಯಲ್ಲ.

ಸಾಕ್ಷಿ ಎಂದದ್ದೇ ಮಾವ ನೆಟ್ಟಗೆ ಕೂತರು. ಮಧ್ವಮತದಲ್ಲಿ ಅನವಸ್ಥೆಯನ್ನು ನಿಲ್ಲಿಸುವುದೇ ನಮ್ಮೊಳಗಿನ ಸಾಕ್ಷಿ. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಅದೇ. ಎಚ್ಚರಿಕೆ ಕೊಟ್ಟು ತಡೆಯುವ ಈ ಪ್ರೋಗ್ರಾಮೂ ಒಂದು ಸಾಕ್ಷಿಯೇ ಅಲ್ಲವೇ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಅದು ಬರೆದಿಟ್ಟದ್ದನ್ನು ಹೋಲಿಸುತ್ತದೆ, ಅಷ್ಟೇ. ಸಾಕ್ಷಿಗೆ ತಪ್ಪಿಲ್ಲ, ತಪ್ಪುವುದು, ಅವಸರಪಡುವುದು ಮನಸ್ಸು. ಆ ಮಾತನ್ನು ನಾನಿನ್ನೂ ಪೂರ್ತಿ ಒಪ್ಪಿಲ್ಲ. ಹಾಗಾದರೆ ಕೀಲಿ ಬದಲಾದ ದಿನ ನೀನೇನು ಮಾಡುತ್ತಿ ಎಂದು ಕೇಳಿದರು. ಕೇಂದ್ರಕ್ಕೆ ಫೋನ್ ಮಾಡಿ ಹೊಸ ಬೆರಳಚ್ಚನ್ನು ಓದಿಸುತ್ತೇನೆ ಎಂದೆ. ಫೋನೆತ್ತಿದವರು ಯಾರೆಂದು ಹೇಗೆ ಗೊತ್ತು ಎಂದು ಕೇಳಿಯೇಬಿಡುತ್ತಾರೆ ಅಂದುಕೊಂಡಿದ್ದೆ. “ದನಿ ಪರಿಚಯ ಇರುವವರ ಹತ್ತಿರ ಕೇಳು” ಎಂದು ಮಾತು ಮುಗಿಸಿದರು.