ಅನುರಾಗವೂ ಅನೃತವೂ

ಸದುದ್ದೇಶದಿಂದ ಆಡಿದ ಸುಳ್ಳು ಸುಳ್ಳೇ ಅಲ್ಲವೆಂದು ಲೋಕದಲ್ಲಿ ಅನೇಕರು ಭಾವಿಸುವುದುಂಟು. ಆ ಉದ್ದೇಶವು ಪ್ರೇಮವಾಗಿದ್ದರಂತೂ ಕ್ಷಮೆಯು ಕೇಳುವುದಕ್ಕೆ ಮೊದಲೇ ದೊರೆಯುತ್ತದೆ. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸಲು ಜಪಾನ್ ದೇಶದ ಒಂದು ಚಿತ್ರಕಥೆಯು ತಕ್ಕ ಒರೆಗಲ್ಲಾಗಿದೆ.

'ಮಾಂಗಾ' ಎಂಬ ಹೆಸರಿನ ಚಿತ್ರಕಥೆಗಳು ಅಲ್ಲಿ ಪತ್ರಿಕೆಗಳಲ್ಲಿ ಕಂತುಕಂತಾಗಿ ಪ್ರಕಟವಾಗುತ್ತವೆ. ಬಾಲಿಕೆಯರಿಗಾಗಿ 1974ರಲ್ಲಿ ಆರಂಭವಾದ 'ಹಾನಾ ತೊ ಯುಮೆ', ಎಂದರೆ 'ಪುಷ್ಪ ಮತ್ತು ಸ್ವಪ್ನ', ಎಂಬ ಪತ್ರಿಕೆಯಲ್ಲಿ ನಕಾಜೊ ಹಿಸಾಯಾ ಎಂಬ ಲೇಖಕಿಯು 1996ರಿಂದ 2004ರವರೆಗೆ 'ಹಾನಾಝಕಾರಿ ನೊ ಕಿಮಿತಾಚಿ ಎ' ಎಂಬ ಕಥೆಯನ್ನು ರಚಿಸಿದರು. ಅದು 23 ಸಂಪುಟಗಳಷ್ಟು ಬೆಳೆಯಿತು. ಲೇಖಕಿಯು 2023ರಲ್ಲಿ ತೀರಿಕೊಂಡರು.

ಕಥಾನಾಯಿಕೆಯಾದ ಅಶಿಯಾ ಮಿಝುಕಿಯು ಅಮೆರಿಕದಲ್ಲಿ ಬೆಳೆದ ಜಪಾನೀ ಬಾಲಿಕೆ. ಎತ್ತರ ಜಿಗಿತದಲ್ಲಿ ಹೆಸರಾದ ಸಾನೊ ಇಝುಮಿ ಎಂಬ ತರುಣನನ್ನು ದೂರದರ್ಶನದಲ್ಲಿ ಕಂಡು ಮೆಚ್ಚಿ, ಬಾಲಕರಿಗೆ ಮಾತ್ರ ಪ್ರವೇಶವುಳ್ಳ ಅವನ ಶಾಲೆಗೆ, ಕೂದಲನ್ನು ಕತ್ತರಿಸಿಕೊಂಡು ಪುರುಷವೇಷದಿಂದ ಬಂದು ಸೇರುತ್ತಾಳೆ. ಅವನಾದರೋ ಜಿಗಿತವನ್ನೇ ತ್ಯಜಿಸಿ ಕುಳಿತಿದ್ದಾನೆ. ಅವನು ಮತ್ತೆ ಜಿಗಿಯಬೇಕೆಂಬುದು ಅವಳ ಹಂಬಲ.

ವೇಷದಿಂದ ವಿದ್ಯಾಸ್ಥಾನವನ್ನು ಹೊಕ್ಕವರ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮರಲ್ಲಿ ಅಸ್ತ್ರವಿದ್ಯೆಯನ್ನು ಕಲಿತ ಕರ್ಣನು, ಕೀಟವು ತೊಡೆಯನ್ನು ಕೊರೆದರೂ ಗುರುವಿನ ನಿದ್ರೆ ಕೆಡದಿರಲೆಂದು ಅಲುಗಾಡದೆ ಕುಳಿತನು. ಆ ಭಕ್ತಿಯು ನಿಜವಾದದ್ದೇ. ಆದರೂ ಅದು ಅವನನ್ನು ಶಾಪದಿಂದ ಉಳಿಸಲಿಲ್ಲ. ಅವನ ಗುಟ್ಟನ್ನು ಹೊರಗೆಡಹಿದುದೂ ಆ ಸಹನೆಯೇ. ಭಾವವು ಶುದ್ಧವಾಗಿದ್ದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಮಿಝುಕಿಯ ಸುಳ್ಳಿನ ಭಾರವು ಯಾರ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ಸಾನೊ ಆರಂಭದಲ್ಲಿಯೇ ನಿಜವನ್ನು ಅರಿತುಕೊಳ್ಳುತ್ತಾನೆ, ಅವನು ಮೋಸಹೋದವನಲ್ಲ. ಮೋಸಹೋದವನು ನಕಾತ್ಸು ಎಂಬ ಸಹಪಾಠಿ. ಅವಳನ್ನು ಹುಡುಗನೆಂದೇ ನಂಬಿ, ಅವಳಲ್ಲಿ ತನಗೆ ಹುಟ್ಟಿದ ಅನುರಾಗವನ್ನು ಕಂಡು ಬೆದರಿ, ತನ್ನ ಸ್ವರೂಪವನ್ನೇ ಶಂಕಿಸುತ್ತಾನೆ. ಕಥೆಯು ಇದನ್ನು ಹಾಸ್ಯವಾಗಿ ಚಿತ್ರಿಸಿದರೂ ಆ ತಳಮಳವು ಹಾಸ್ಯವಲ್ಲ. ಪ್ರಿಯನಿಗಾಗಿ ಹೂಡಿದ ಅನೃತದ ದಂಡವನ್ನು ಏನನ್ನೂ ಅರಿಯದ ಮೂರನೆಯವನು ತೆರುತ್ತಿದ್ದಾನೆ. ಪ್ರೇಮಿಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಕವಿದು.

ಇನ್ನು ಸಾನೊವಿನ ಮೌನವೂ ಅನೃತವೇ? ತಾನು ಬಲ್ಲೆನೆಂದು ಅವನು ಹೇಳಿದ್ದರೆ ಅವಳು ಅಂದೇ ಹೊರಟುಹೋಗಬೇಕಾಗಬಹುದಿತ್ತು. ಬಚ್ಚಿಟ್ಟುಕೊಳ್ಳುವುದಕ್ಕಾಗಿ ಮೌನ ತಾಳುವುದು ಒಂದು. ಇನ್ನೊಬ್ಬರು ತಾವಾಗಿ ನುಡಿಯುವವರೆಗೆ ಕಾಯುವುದಕ್ಕಾಗಿ ಮೌನ ತಾಳುವುದು ಮತ್ತೊಂದು. ಎರಡನೆಯದರಲ್ಲಿ ದಯೆಯುಂಟು. ಆದರೆ ಅದಕ್ಕೂ ಒಂದು ಮೇರೆಯಿರಬೇಕು. ತಾನು ಅರಿಯಲ್ಪಟ್ಟಿದ್ದೇನೆಂದು ತಿಳಿಯದೆ ಬಾಳುವವಳು ಸ್ವತಂತ್ರಳಲ್ಲ; ಅವಳ ಎಚ್ಚರವೆಲ್ಲವೂ ವ್ಯರ್ಥವೆಂಬುದು ಅವನೊಬ್ಬನಿಗೇ ಗೊತ್ತು.

ಕೊನೆಗೆ ಗುಟ್ಟು ಎಲ್ಲರಿಗೂ ಬಯಲಾಗುತ್ತದೆ. ಮಿಝುಕಿಯು ಶಾಲೆಯನ್ನು ಬಿಟ್ಟು ಅಮೆರಿಕಕ್ಕೆ ಹಿಂದಿರುಗುತ್ತಾಳೆ. ಗೆಳೆಯರು ಅವಳನ್ನು ದ್ವೇಷಿಸುವುದಿಲ್ಲ. ಆ ಕ್ಷಮೆಯು ಅವಳ ಸುಳ್ಳಿಗೆ ಸಂದದ್ದಲ್ಲ, ವೇಷದೊಳಗೂ ವೇಷ ಹಾಕದಿದ್ದ ಅವಳ ಸ್ನೇಹಕ್ಕೆ ಸಂದದ್ದು. ಹೀಗಿರಲು, ಪ್ರೇಮವು ಅನೃತವನ್ನು ತೊಳೆಯಲಾರದು. ಅನೃತದ ಬೆಲೆಯನ್ನು ತಾನೇ ತೆರುವ ಧೈರ್ಯವನ್ನು ಮಾತ್ರ ಕೊಡಬಲ್ಲುದು. ಆ ಬೆಲೆಯನ್ನು ಪರರ ಮೇಲೆ ಹೊರಿಸಿ ತಾನು ಮಾತ್ರ ಸುಖವಾಗಿರಬಯಸುವ ಅನುರಾಗವು, ಎಷ್ಟು ಮಧುರವಾಗಿ ತೋರಿದರೂ, ಆ ಹೆಸರಿಗೆ ಯೋಗ್ಯವಲ್ಲ.