ಅಕ್ಕನಿಗೊಂದು, ನನಗೊಂದು

ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಹೊರಗಿರಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಒಮ್ಮೆ ಅಕ್ಕ ಗೆಳತಿಯ ಮನೆಯಿಂದ ತಡವಾಗಿ ಬಂದಳು. ಅಪ್ಪ ಅವಳ ಕಾಲೇಜು ಬಿಡಿಸಿದರು. ಮರುವರ್ಷ ನಾನೂ ಅದೇ ತಪ್ಪು ಮಾಡಿದೆ. ಅಷ್ಟರಲ್ಲಿ ಅಪ್ಪ ಮೆತ್ತಗಾಗಿದ್ದರು. ಎರಡು ಮಾತು ಬೈದು ಸುಮ್ಮನಾದರು. ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಬಿ.ಎ. ಮುಗಿಸಿದೆ. "ಅವಳನ್ನೂ ಮತ್ತೆ ಕಳಿಸಿ" ಎಂದು ಅಪ್ಪನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಇದು ನೆನಪಾದದ್ದು ಕಾನೂನು ಓದುವ ಮಗಳಿಂದ. ನಮ್ಮ ದೇಶದ 1985ರ ಮಾದಕವಸ್ತು ಕಾಯ್ದೆಯಲ್ಲಿ ಮಾರಲು ಹತ್ತು ಗ್ರಾಂ ಹೆರಾಯಿನ್ ಇಟ್ಟುಕೊಂಡವನಿಗೆ ಕನಿಷ್ಠ 10 ವರ್ಷ ಜೈಲು. 2001ರ ತಿದ್ದುಪಡಿ ಬಂದ ಮೇಲೆ ಅಷ್ಟಕ್ಕೆ ಅದೇ 10 ವರ್ಷ ಗರಿಷ್ಠವಾಯಿತು. ಎಷ್ಟು ಕಡಿಮೆ ಎನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಜಾರಿಯಾದದ್ದು ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ! ಅಂದು ವಿಚಾರಣೆ ನಡೆಯುತ್ತಿದ್ದವರಿಗೂ ಹೊಸ ಲೆಕ್ಕವೇ. ತೀರ್ಪಾಗಿ ಮೇಲ್ಮನವಿ ಹಾಕಿಕೊಂಡವರಿಗೆ ಮಾತ್ರ ಇಲ್ಲ. ಅಂದರೆ ವಾಯಿದೆಯ ಮೇಲೆ ವಾಯಿದೆ ಬಿದ್ದವನು ಅದೃಷ್ಟವಂತ, ಬೇಗ ತೀರ್ಪಾದವನು ಕೆಟ್ಟ.

ಇದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2004ರಲ್ಲಿ ಸರಿಯೆಂದೇ ತೀರ್ಪಾಯಿತು. ಮುಗಿದ ವಿಚಾರಣೆಗಳನ್ನು ಮತ್ತೆ ತೆರೆದರೆ ವಿಳಂಬಕ್ಕೆ ಕೊನೆಯಿಲ್ಲವಂತೆ. ಸಂವಿಧಾನದ 20ನೇ ವಿಧಿ ಕೂಡ, ತಪ್ಪು ನಡೆದಾಗ ಇದ್ದುದಕ್ಕಿಂತ ಹೆಚ್ಚಿನ ಶಿಕ್ಷೆ ಕೂಡದೆನ್ನುತ್ತದೆಯೇ ಹೊರತು, ಶಿಕ್ಷೆ ಇಳಿದರೆ ಹಳಬರಿಗೂ ಇಳಿಸಿ ಎನ್ನುವುದಿಲ್ಲ.

"ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಲ್ಲಮ್ಮ" ಎಂದಳು ಮಗಳು. ಹೌದು, ದಿನಕ್ಕೊಂದು ಕಡತ ಬಿಚ್ಚುತ್ತ ಕೂತರೆ ಕೋರ್ಟು ನಡೆದೀತೆ? ಆದರೆ ಮುಗಿದದ್ದು ವಿಚಾರಣೆ ತಾನೆ, ಶಿಕ್ಷೆ ಇನ್ನೂ ನಡೆಯುತ್ತಿತ್ತಲ್ಲ. ಅತಿಯಾಯಿತೆಂದು ಸರ್ಕಾರವೇ ಒಪ್ಪಿದ ಶಿಕ್ಷೆಯನ್ನು ಒಬ್ಬ ಯಾಕೆ ಪೂರ್ತಿ ಅನುಭವಿಸಬೇಕು?

ಅಮೆರಿಕದಲ್ಲೂ ಹೀಗೇ ಆಗಿತ್ತು. ಅಲ್ಲಿನ 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್ ಕೊಕೇನಿಗೆ ಕನಿಷ್ಠ 5 ವರ್ಷ. ಅದೇ ಕೊಕೇನು ಪುಡಿಯಾಗಿದ್ದರೆ 500 ಗ್ರಾಂ ಆಗಬೇಕು. ಕ್ರ್ಯಾಕಿಗೆ ಶಿಕ್ಷೆಯಾಗುತ್ತಿದ್ದವರು ಬಹುಪಾಲು ಕಪ್ಪು ಜನ. 2010ರಲ್ಲಿ ಆ 5 ಗ್ರಾಂ 28 ಆಯಿತು, ಆದರೆ ಆಗಲೇ ಶಿಕ್ಷೆಯಾದವರು ಒಳಗೇ ಉಳಿದರು. ಅವರೂ ಶಿಕ್ಷೆ ಇಳಿಸಿರೆಂದು ಕೋರ್ಟನ್ನು ಕೇಳಬಹುದೆಂಬ ಕಾನೂನು ಬಂದದ್ದು 2018ರ ಡಿಸೆಂಬರಿನಲ್ಲಿ. ಸಾವಿರಾರು ಜನರ ಶಿಕ್ಷೆ ಇಳಿಯಿತು. ನಡುವಿನ ಎಂಟು ವರ್ಷ ಹೋದದ್ದು ಹೋಯಿತು, ಆದರೂ ಯಾರೋ ಹಿಂದಿರುಗಿ ನೋಡಿದರಲ್ಲ.

ಮೊನ್ನೆ ಅಕ್ಕ ಬಂದಿದ್ದಳು. ಇಷ್ಟು ವರ್ಷದ ಮೇಲೆ ಬಾಯಿಬಿಟ್ಟು ಕೇಳಿದೆ, ಆಗ ನಾನು ಅಪ್ಪನಿಗೆ ಹೇಳಿದ್ದರೆ ಮತ್ತೆ ಕಾಲೇಜಿಗೆ ಹೋಗುತ್ತಿದ್ದೆಯಾ ಎಂದು.

"ಪುಸ್ತಕ ಎರಡು ವರ್ಷ ಹಾಗೇ ಇಟ್ಟಿದ್ದೆ ಕಣೇ" ಎಂದಳು.